ಲಾರ್ಡ್ ಕೆಲ್ವಿನ್ನನೂ ಕಡಲಿನ ಆಳವೂ

ಕೆಲ್ವಿನ್ ಎಂಬ ಹೆಸರನ್ನು ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರು ಆಗಾಗ ಉಚ್ಚರಿಸುವರು. ಉಷ್ಣತೆಯ ಮಾನಕ್ಕೆ ಆ ಹೆಸರು ಅಂಟಿಕೊಂಡಿದೆ. ಹಾಗೆ ಅಂಟಿಕೊಂಡ ಮೇಲೆ, ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಮರೆತುಹೋಗುವುದು ಸಹಜವೇ. ಆ ಮನುಷ್ಯನಿಗೆ ಒಂದು ಹಾಯಿಹಡಗಿತ್ತೆಂಬುದೂ, ನಾವಿಕರು ಶತಮಾನಗಳಿಂದ ನಂಬಿಕೊಂಡು ಬಂದಿದ್ದ ಹಗ್ಗವನ್ನು ಅವನು ಆ ಹಡಗಿನ ಮೇಲೆ ಬದಿಗಿಟ್ಟು ಕಡಲಿನ ಆಳ ನೋಡುವ ಹೊಸ ಉಪಾಯವೊಂದನ್ನು ಸಿದ್ಧಪಡಿಸಿದನೆಂಬುದೂ ಇನ್ನೂ ಕಡಿಮೆ ಜನರಿಗೆ ತಿಳಿದ ಸಂಗತಿ. ಕಲಾವಿಭಾಗದವನಾದ ನನಗೆ ಅವನ ಗಣಿತದೊಳಕ್ಕೆ ಇಳಿಯುವ ಶಕ್ತಿಯಿಲ್ಲ. ಆದರೆ ಹಗ್ಗ, ರಾಟೆ, ಗುಂಡು ಇವು ಬಾವಿಯಿಂದ ನೀರು ಸೇದಿದ ಯಾರಿಗಾದರೂ ಅರ್ಥವಾಗುವ ವಸ್ತುಗಳು. ಆದುದರಿಂದ ಅವನ ದೀರ್ಘ ಜೀವನದಲ್ಲಿ ಈ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ಬರೆಯುತ್ತೇನೆ.

ಅವನ ನಿಜವಾದ ಹೆಸರು ವಿಲಿಯಂ ಥಾಮ್ಸನ್. 1824ನೆಯ ಇಸವಿ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದನು. ತಂದೆ ಜೇಮ್ಸ್ ಥಾಮ್ಸನ್ ಆ ಊರಿನ ವಿದ್ಯಾಶಾಲೆಯಲ್ಲಿ ಗಣಿತದ ಅಧ್ಯಾಪಕ. ಈ ತಂದೆಯ ಕಥೆಯನ್ನು ಎರಡು ಮಾತಿನಲ್ಲಾದರೂ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಅವನು ರೈತನ ಮಗ. ಬಾಲ್ಯದಲ್ಲಿ ಪುಸ್ತಕ ನೋಡಿಕೊಂಡೇ ಗಣಿತ ಕಲಿತನು. ನೆರಳುಗಡಿಯಾರವನ್ನು ಮಾಡುವ ಬಗೆಯನ್ನು ಹನ್ನೆರಡರ ಆಸುಪಾಸಿನಲ್ಲಿಯೇ ತಾನಾಗಿ ಯೋಚಿಸಿ ಕಂಡುಕೊಂಡನೆಂದು ಹೇಳುತ್ತಾರೆ. ಬೇಸಗೆಯಲ್ಲಿ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವುದು, ಆ ಸಂಬಳದಿಂದ ಚಳಿಗಾಲದಲ್ಲಿ ಕಡಲು ದಾಟಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದುವುದು, ಹೀಗೆ ವರ್ಷಗಳನ್ನು ಕಳೆದು ಪದವಿ ಪಡೆದನು. ಕೆಲವು ವರ್ಷಗಳ ಮೇಲೆ ಅದೇ ವಿಶ್ವವಿದ್ಯಾನಿಲಯವು ಅವನನ್ನು ಗಣಿತದ ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು. ಮನೆತನದಲ್ಲಿ ಮೊತ್ತಮೊದಲು ಕಾಲೇಜಿನ ಹೊಸಲು ದಾಟಿದವನಿಗೆ ಆ ಹೊಸಲು ಎಷ್ಟು ಎತ್ತರವಾಗಿ ಕಾಣುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ವಿಲಿಯಮನ ಪ್ರತಿಭೆಯನ್ನು ಹೊಗಳುವವರು ಆ ಹೊಸಲನ್ನು ಅವನಿಗಾಗಿ ತಂದೆ ಮೊದಲೇ ದಾಟಿದ್ದನೆಂಬುದನ್ನು ಮರೆಯಬಾರದು.

ವಿಲಿಯಮನಿಗೆ ಆರು ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡಳು. ತಂದೆಯೇ ಮಕ್ಕಳಿಗೆ ಗುರುವಾದನು. ಹತ್ತು ವರ್ಷದ ಹುಡುಗ ವಿಶ್ವವಿದ್ಯಾನಿಲಯದ ತರಗತಿಗೆ ಸೇರಿದನೆಂದರೆ ಈಗ ನಂಬುವುದು ಕಷ್ಟ. ಆ ಕಾಲದ ಗ್ಲಾಸ್ಗೋದಲ್ಲಿ ಬುದ್ಧಿವಂತ ಬಾಲಕರನ್ನು ಹಾಗೆ ಸೇರಿಸಿಕೊಳ್ಳುವ ವಾಡಿಕೆಯಿತ್ತು. 1841ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, 1845ರಲ್ಲಿ ಅಲ್ಲಿನ ಗಣಿತದ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆ ಹೊಂದಿದನು. ಓದಿನ ಜೊತೆಗೆ ದೋಣಿ ಹುಟ್ಟುಹಾಕುವುದರಲ್ಲಿಯೂ ಪಂದ್ಯ ಗೆದ್ದನು. 1846ರಲ್ಲಿ, ಇಪ್ಪತ್ತೆರಡು ವರ್ಷ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಪ್ರಕೃತಿವಿಜ್ಞಾನದ ಪ್ರಾಧ್ಯಾಪಕನಾದನು. ತಂದೆ ಬಹುಕಾಲದಿಂದ ಬಯಸಿದ್ದುದು ಇದನ್ನೇ. ಮಗನನ್ನು ಆ ಪೀಠದಲ್ಲಿ ಮೂರು ವರ್ಷವೂ ನೋಡದೆ, 1849ರ ಜನವರಿಯಲ್ಲಿ ಕಾಲರಾ ಬೇನೆಗೆ ತುತ್ತಾದನು. ಮಗ ಆ ಪೀಠವನ್ನು 1899ರವರೆಗೆ, ಅಂದರೆ 53 ವರ್ಷ, ಬಿಡಲಿಲ್ಲ.

ಉಷ್ಣತೆಯ ನಿರಪೇಕ್ಷ ಮಾನ, ಶಕ್ತಿಯ ನಿಯಮಗಳು, ವಿದ್ಯುತ್ತಿನ ಅಳತೆಗಳು ಇತ್ಯಾದಿ ವಿಷಯಗಳಲ್ಲಿ ಅವನು ಮಾಡಿದ ಕೆಲಸವನ್ನು ವಿಜ್ಞಾನದ ಪುಸ್ತಕಗಳು ವಿವರಿಸುತ್ತವೆ. ನಮ್ಮ ಕಥೆಗೆ ಬೇಕಾದುದು ಅವನನ್ನು ಕಡಲಿಗೆ ಎಳೆತಂದ ಅಟ್ಲಾಂಟಿಕ್ ಕೇಬಲಿನ ಸಂಗತಿ. ಐರ್ಲೆಂಡಿನಿಂದ ಅಮೆರಿಕದ ಕರೆಯವರೆಗೆ ಸಮುದ್ರದ ತಳದಲ್ಲಿ ತಂತಿ ಹಾಸಿ ಸುದ್ದಿ ಕಳುಹಿಸುವ ಸಾಹಸ 1857ರಲ್ಲಿ ಮೊದಲಾಯಿತು. ಆ ವರ್ಷ ಕೇಬಲು 2000 ಮಾರಿಗೂ ಹೆಚ್ಚು ಆಳದ ನೀರಿನಲ್ಲಿ ತುಂಡಾಗಿ ಮುಳುಗಿತು. 1858ರಲ್ಲಿ ಹಾಸಿದುದು ಕೆಲವೇ ವಾರ ಮಾತನಾಡಿ ಮೂಕವಾಯಿತು. 1865ರದು ನಡುಗಡಲಿನಲ್ಲಿ ಹರಿಯಿತು. 1866ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಭಾರಿ ಹಡಗು ಕೊನೆಗೂ ಕೆಲಸವನ್ನು ಪೂರೈಸಿತು. ಇದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿನವರೆಗೂ ಕೇಬಲ್ ಹಾಸಿತೆಂಬುದು ನಮಗೆ ಸಂಬಂಧಿಸಿದ ಮಾತು. ಈ ಎಲ್ಲ ಅಟ್ಲಾಂಟಿಕ್ ಯಾತ್ರೆಗಳಲ್ಲಿಯೂ ಥಾಮ್ಸನ್ನನು ಸ್ವತಃ ಹಡಗಿನ ಮೇಲಿದ್ದನು. ದುರ್ಬಲವಾದ ಸಂಕೇತವನ್ನೂ ಹಿಡಿಯುವ ಕನ್ನಡಿಯ ಗ್ಯಾಲ್ವನೋಮೀಟರನ್ನು ಅವನು ರಚಿಸಿದುದು ಇದಕ್ಕಾಗಿಯೇ. 1866ರಲ್ಲಿ ಅವನಿಗೆ ಸರ್ ಪದವಿ ಬಂದಿತು. ತಂತಿ ಉಪಕರಣಗಳ ಪೇಟೆಂಟುಗಳಿಂದ ಹಣವೂ ಬಂದಿತು.

ಹಣ ಬಂದ ಹೊತ್ತಿಗೆ ಮನೆಯಲ್ಲಿ ಸುಖವಿರಲಿಲ್ಲ. 1852ರಲ್ಲಿ ಕೈಹಿಡಿದ ಮಾರ್ಗರೆಟ್ ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಕಾಯಿಲೆ ಬಿದ್ದು ಹದಿನೇಳು ವರ್ಷ ನರಳಿದಳು. ಅವನಿಗೂ 1860ರ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಆಡುವಾಗ ಬಿದ್ದು ತೊಡೆಯ ಎಲುಬು ಮುರಿದು, ಜೀವನವಿಡೀ ಕುಂಟುವಂತಾಗಿತ್ತು. 1870ರ ಜೂನಿನಲ್ಲಿ ಮಾರ್ಗರೆಟ್ ತೀರಿಕೊಂಡಳು. ಮಕ್ಕಳಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು 126 ಟನ್ನಿನ ಸ್ಕೂನರ್ ಜಾತಿಯ ಹಾಯಿಹಡಗೊಂದನ್ನು ಕೊಂಡನು. ತನಗೆಂದು ಕಟ್ಟಿಸಿದುದಲ್ಲ, ಮೊದಲೇ ಬೇರೆಯವರ ಕೈಯಲ್ಲಿ ಓಡಾಡಿದ ಹಡಗು. ಹೆಸರು ಲಾಲಾ ರೂಖ್. ಔರಂಗಜೇಬನ ಮಗಳೆಂದು ಕಲ್ಪಿಸಲಾದ ರಾಜಕುಮಾರಿಯೊಬ್ಬಳು ದೆಹಲಿಯಿಂದ ಕಾಶ್ಮೀರಕ್ಕೆ ಮದುವೆಯ ಪಯಣ ಹೋಗುವ ಕಥೆಯನ್ನು ಐರಿಷ್ ಕವಿ ತಾಮಸ್ ಮೂರ್ ಹಾಡಿದ್ದನು. ಆ ಕಾವ್ಯದ ನಾಯಕಿಯ ಹೆಸರು ಈ ಹಡಗಿಗೆ ಬಂದಿತ್ತು. ಚಳಿಗಾಲದಲ್ಲಿ ಕಾಲೇಜಿನ ಪಾಠ, ಬೇಸಗೆಯಲ್ಲಿ ಲಾಲಾ ರೂಖ್, ಹೀಗೆ ಅವನ ವರ್ಷ ಎರಡು ಭಾಗವಾಯಿತು. ಸದಾ ಜೇಬಿನಲ್ಲಿರುತ್ತಿದ್ದ ಹಸಿರು ರಟ್ಟಿನ ಟಿಪ್ಪಣಿ ಪುಸ್ತಕ ಮಾತ್ರ ಎರಡೂ ಕಡೆ ಜೊತೆಗೆ ಇತ್ತು. 1871ರಲ್ಲಿ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಈ ಹಡಗಿಗೆ ಅತಿಥಿಯಾಗಿ ಬಂದಾಗ, ಆತಿಥೇಯನು ಮಾತಿನ ನಡುವೆಯೇ ಲೆಕ್ಕದಲ್ಲಿ ಮುಳುಗಿಬಿಡುತ್ತಿದ್ದನಂತೆ. ಗಾಳಿಯಿಲ್ಲದ ದಿನ ಇಬ್ಬರೂ ಹಡಗಿನ ಪಕ್ಕದಲ್ಲಿ ಬಾಗಿ ನೀರಿನ ಕಿರುದೆರೆಗಳನ್ನು ಪರೀಕ್ಷಿಸುತ್ತಿದ್ದರು. ದುಃಖವನ್ನು ಮರೆಯಲು ಕೊಂಡ ಹಡಗು ಪ್ರಯೋಗಶಾಲೆಯಾದುದು ಹೀಗೆ.

ಆ ಹಡಗಿನಲ್ಲಿಯೂ, ಅಂದಿನ ಎಲ್ಲ ಹಡಗುಗಳಲ್ಲಿದ್ದಂತೆ, ಆಳ ನೋಡುವ ಹಗ್ಗವಿತ್ತು. ಇಲ್ಲಿ ಅಳತೆಯ ವಿಷಯವಾಗಿ ಒಂದು ಮಾತು. ಇಂಗ್ಲಿಷ್ ನಾವಿಕರು ಆಳವನ್ನು ಫ್ಯಾದಮ್ ಎಂಬ ಮಾನದಿಂದ ಹೇಳುವರು. ಎರಡು ಕೈಗಳನ್ನೂ ಅಗಲಕ್ಕೆ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟಾಗುವುದೋ ಅಷ್ಟು. ಲೆಕ್ಕಕ್ಕೆ 6 ಅಡಿ. ನಮ್ಮ ಹಳ್ಳಿಗಳಲ್ಲಿ ಬಾವಿಯ ಹಗ್ಗವನ್ನು ಅಳೆಯುವ ಮಾರು ಇದೇ ಅಲ್ಲವೇ? ಆದುದರಿಂದ ಮಾರು ಎಂದೇ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಹಳೆಯ ಸಲಕರಣೆ ಬಹು ಸರಳವಾದುದು. ಸೆಣಬಿನ ಹಗ್ಗ, ಅದರ ತುದಿಗೆ ಸೀಸದ ಉದ್ದನೆಯ ಗುಂಡು. ಗುಂಡಿನ ತಳದಲ್ಲಿ ಒಂದು ಕುಳಿ. ಅದರಲ್ಲಿ ಪ್ರಾಣಿಯ ಕೊಬ್ಬನ್ನು ಮೆತ್ತಿ ಬಿಟ್ಟರೆ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಬರುವುದು. ಹಗ್ಗದ ಮೇಲೆ ಗುರುತುಗಳಿರುವುವು: 2 ಮಾರಿಗೆ ಎರಡು ಸೀಳಿನ ತೊಗಲು, 3 ಮಾರಿಗೆ ಮೂರು ಸೀಳಿನದು, 5ಕ್ಕೆ ಬಿಳಿಯ ಬಟ್ಟೆ, 7ಕ್ಕೆ ಕೆಂಪು ಬಟ್ಟೆ, 10ಕ್ಕೆ ತೂತಿರುವ ತೊಗಲಿನ ತುಂಡು. ಕತ್ತಲೆಯಲ್ಲಿಯೂ ಕೈಯಿಂದ ಮುಟ್ಟಿ ತಿಳಿಯಲೆಂದು ಬೇರೆ ಬೇರೆ ವಸ್ತುಗಳು. ಹತ್ತಿಪ್ಪತ್ತು ಮಾರಿನ ನೀರಿನಲ್ಲಿ ಇದಕ್ಕಿಂತ ನಂಬಿಕೆಯ ಸಾಧನ ಬೇಕಿಲ್ಲ. ಅದನ್ನು ಕೀಳಾಗಿ ಕಾಣುವುದು ಅನ್ಯಾಯ. ಆದರೆ ಆಳ ಹೆಚ್ಚಿದಂತೆ ತೊಂದರೆಯೂ ಹೆಚ್ಚುವುದು. ನೂರು ಮಾರು ನೋಡಬೇಕಾದರೆ ಮೊದಲು ಹಡಗನ್ನು ಗಾಳಿಗೆ ತಿರುಗಿಸಿ ನಿಲ್ಲಿಸಬೇಕು. 28 ಪೌಂಡಿನ ಗುಂಡನ್ನು ಹಡಗಿನ ಮುಂಭಾಗಕ್ಕೆ ಒಯ್ಯಬೇಕು. ಖಲಾಸಿಗಳು ಪಕ್ಕದುದ್ದಕ್ಕೂ ಸಾಲಾಗಿ ನಿಂತು, ಒಬ್ಬೊಬ್ಬನೂ ಕೈಯಲ್ಲಿ ಹಗ್ಗದ ಸುರುಳಿ ಹಿಡಿದು, ತನ್ನ ಪಾಲಿನದು ಓಡಿಹೋದೊಡನೆ ಹಿಂದಿನವನಿಗೆ ಎಚ್ಚರಿಕೆಯ ಕೂಗು ಹಾಕಬೇಕು. ಆಮೇಲೆ ನೆನೆದ ಹಗ್ಗವನ್ನು ಕೈಯಿಂದ ಎಳೆಯಬೇಕು. ಇದಿಷ್ಟೂ ಮಳೆಗಾಳಿಯಲ್ಲಿ, ನಡುರಾತ್ರಿಯಲ್ಲಿ, ಬಂದರಿಗೆ ಬೇಗ ಮುಟ್ಟಬೇಕೆಂಬ ಅವಸರದಲ್ಲಿ.

ನಡುಗಡಲಿನ ಸಾವಿರಾರು ಮಾರಿನ ಮಾತಂತೂ ಬೇರೆಯೇ. ಹಗ್ಗ ದಪ್ಪ, ಮೈ ಒರಟು. ಮೈಲಿಗಟ್ಟಲೆ ಇಳಿದ ಹಗ್ಗವನ್ನು ನೀರು ಎಲ್ಲ ಕಡೆಯಿಂದಲೂ ಹಿಡಿದುಕೊಳ್ಳುವುದು. ಗುಂಡು ತಳ ಮುಟ್ಟಿದ ಮೇಲೂ ಹಗ್ಗ ತನ್ನ ಭಾರಕ್ಕೂ ಒಳಸೆಳೆತಕ್ಕೂ ಓಡುತ್ತಲೇ ಇರಬಹುದು. ಮೇಲೆ ನಿಂತವನಿಗೆ ತಳ ಯಾವಾಗ ಸಿಕ್ಕಿತೆಂದು ಹೇಗೆ ತಿಳಿಯಬೇಕು? ಕೇಬಲು ಹಾಸುವವರಿಗೆ ಈ ಆಳ ನಿಖರವಾಗಿ ಬೇಕಾಗಿತ್ತು. ಅಟ್ಲಾಂಟಿಕ್ಕಿನಲ್ಲಿ ಕೇಬಲು ಹರಿದು ಮುಳುಗಿದುದನ್ನು ನೋಡಿದ್ದ ಥಾಮ್ಸನ್ನನಿಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಅವನು ಆರಿಸಿಕೊಂಡುದು ಪಿಯಾನೋ ವಾದ್ಯಕ್ಕೆ ಬಿಗಿಯುವ ಉಕ್ಕಿನ ತಂತಿ. ತೆಳುವಾದುದು, ನುಣುಪಾದುದು, ಗಟ್ಟಿಯಾದುದು. ನೀರನ್ನು ಸೀಳಿಕೊಂಡು ಇಳಿಯುವಾಗ ಅದಕ್ಕೆ ತಗಲುವ ತಡೆ ಹಗ್ಗಕ್ಕೆ ತಗಲುವುದರ ಸಣ್ಣ ಅಂಶ ಮಾತ್ರ. ಈ ಸಂಬಂಧದಲ್ಲಿ ಒಂದು ವಿನೋದವನ್ನು ಹೇಳುತ್ತಾರೆ. ಗೆಳೆಯನಾದ ಜೂಲ್ ಒಮ್ಮೆ ಬಂದಾಗ ತಂತಿಯ ಸುರುಳಿಗಳನ್ನು ಕಂಡು ಇವು ಏತಕ್ಕೆಂದು ವಿಚಾರಿಸಿದನು. ಸೌಂಡಿಂಗಿಗೆ ಎಂದನು ಥಾಮ್ಸನ್. ಆ ಮಾತಿಗೆ ಇಂಗ್ಲಿಷಿನಲ್ಲಿ ನಾದ ಮಾಡುವುದು, ಆಳ ನೋಡುವುದು ಎಂದು ಎರಡರ್ಥ. ಹಾಗಾದರೆ ಯಾವ ಸ್ವರವೆಂದು ಜೂಲ್ ಕೇಳಲು, ಡೀಪ್ ಸೀ ಎಂದು ಉತ್ತರ ಬಂದಿತು. ಅವರ ಸಂಗೀತದಲ್ಲಿ ಸಿ ಎಂಬುದು ಒಂದು ಸ್ವರ. ಆಳವಾದ ಕಡಲಿಗೂ ಅದೇ ಉಚ್ಚಾರ. ಗಂಭೀರ ವಿಜ್ಞಾನಿಗಳೆಂದು ನಾವು ಚಿತ್ರಪಟದಲ್ಲಿ ನೋಡುವ ಗಡ್ಡದ ಮುಖಗಳು ಹೀಗೂ ನಗುತ್ತಿದ್ದುವು.

1872ರ ಜೂನ್ 29ರಂದು ಲಾಲಾ ರೂಖ್ ಬಿಸ್ಕೇ ಕೊಲ್ಲಿಯಲ್ಲಿತ್ತು. ತವರ ಲೇಪಿಸಿದ ಕಬ್ಬಿಣದ ತಗಡಿನಿಂದ ಮಾಡಿದ ಹಗುರವಾದ ರಾಟೆ; ಅದರ ಸುತ್ತಳತೆ ಸುಮಾರು ಒಂದು ಮಾರು. ಅದಕ್ಕೆ ಮೂರು ಮೈಲಿ ಉದ್ದದ ತಂತಿಯನ್ನು, ತುಂಡುಗಳನ್ನು ಒಂದಕ್ಕೊಂದು ಬೆಸೆದು, ಸುತ್ತಿದ್ದರು. ತುದಿಗೆ 30 ಪೌಂಡಿನ ಸೀಸ. ಉಪಾಯದ ಜೀವಾಳವಿದ್ದುದು ರಾಟೆಯ ತಡೆಯಲ್ಲಿ. ಹೊರಗೆ ಹೋದ ತಂತಿಯ ಭಾರ ಎಷ್ಟೋ, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ತಡೆಯನ್ನು ಬಿಗಿಸುತ್ತ ಹೋಗಬೇಕು. ಆಗ ರಾಟೆಯನ್ನು ತಿರುಗಿಸುವುದು ಗುಂಡಿನ ಭಾರವೊಂದೇ. ಗುಂಡು ತಳದಲ್ಲಿ ಕುಳಿತೊಡನೆ ಆ ಭಾರ ಇಲ್ಲವಾಗಿ ರಾಟೆ ತಾನಾಗಿ ನಿಲ್ಲಬೇಕು. ನಿಂತ ಕ್ಷಣವೇ ತಳ.

ತಂತಿ ಇಳಿಯತೊಡಗಿತು. ಸಾವಿರ ಮಾರಾಯಿತು, ಎರಡು ಸಾವಿರವಾಯಿತು. ರಾಟೆ ನಿಲ್ಲಲಿಲ್ಲ. ಎರಡೂವರೆ ಸಾವಿರಕ್ಕೆ ಬರುವಾಗ ತನ್ನ ಲೆಕ್ಕವೇ ತಪ್ಪಿತೋ, ತಡೆಯನ್ನು ಕಡಿಮೆ ಬಿಗಿಸಿದೆನೋ ಎಂದು ಪ್ರಾಧ್ಯಾಪಕನಿಗೆ ಕಳವಳ ಹತ್ತಿತು. ಇನ್ನೂ ಒಂದೆರಡು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ರಾಟೆ ನಿಂತಿತು. ಸುತ್ತಲಿದ್ದ ಖಲಾಸಿಗಳೆಲ್ಲರೂ ಏನೋ ಮುರಿಯಿತೆಂದೇ ತಿಳಿದರು. ಗುಂಡು ತಳ ಮುಟ್ಟಿತೆಂದು ನಂಬಿದವನು ಆ ಹಡಗಿನಲ್ಲಿ ಅವನೊಬ್ಬನೇ.

ಎಳೆಯುವ ಕೆಲಸ ಆರಂಭವಾಯಿತು. ನಾಲ್ಕೈದು ಆಳುಗಳು ರಾಟೆಯ ಗಾಡಿಗೆ ಹಾಕಿದ ಹಗ್ಗವನ್ನು ಎಳೆದರು. ಸುಮಾರು ಸಾವಿರ ಮಾರು ಮೇಲೆ ಬಂದಿರಬೇಕು, ರಾಟೆ ನರಳತೊಡಗಿತು. ಏಕೆಂದು ಥಾಮ್ಸನ್ನನಿಗೆ ಆಗ ಹೊಳೆಯಿತು. ಐವತ್ತು ಪೌಂಡಿನ ಬಿಗಿತದಲ್ಲಿ ಸುತ್ತಿಕೊಳ್ಳುವ ತಂತಿಯ ಒಂದೊಂದು ಸುತ್ತೂ ರಾಟೆಯನ್ನು ನೂರು ಪೌಂಡಿನ ಬಲದಿಂದ ಅದುಮುವುದು. ಎರಡು ಸಾವಿರಕ್ಕೂ ಮೀರಿದ ಸುತ್ತುಗಳೆಲ್ಲ ಕೂಡಿದರೆ ಅದುಮುವ ಬಲ 100 ಟನ್! ತಗಡಿನ ರಾಟೆ ಅದನ್ನು ಹೇಗೆ ತಾಳೀತು? ಇನ್ನೂ 500 ಮಾರು ನೀರಿನಲ್ಲಿರುವಾಗಲೇ ರಾಟೆ ಸೊಟ್ಟಗಾಗಿ ಹಗ್ಗ ಗಾಡಿಯಲ್ಲಿ ನಿಲ್ಲದಾಯಿತು. ಉಳಿದುದನ್ನು ಬಹು ಕಷ್ಟದಿಂದ ಬೇರೆ ಬಗೆಯಲ್ಲಿ ಎಳೆದುಕೊಂಡರು. ಗುಂಡಿನೊಡನೆ ಬೂದುಬಣ್ಣದ ಮೆತ್ತನೆಯ ಕೆಸರು ಮೇಲೆ ಬಂದಿತು. 2700 ಮಾರು ಆಳದ, ಮೂರು ಮೈಲಿ ಕೆಳಗಿನ ನೆಲದ ಕೆಸರದು. ಮುರಿದ ರಾಟೆಯ ಪಕ್ಕದಲ್ಲಿ ನಿಂತಿದ್ದ ಖಲಾಸಿಗಳಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಾನೇ ತೀರ ಸುಲಭವಾಗಿ ಎಣಿಸಬಹುದಾಗಿದ್ದ ಲೆಕ್ಕವನ್ನು ಮೊದಲೇ ಎಣಿಸಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತಂತೆ. ಅದನ್ನು ಅವನು ಮುಚ್ಚಿಡಲಿಲ್ಲ. ಮುಂದೆ ಈ ಪ್ರಯೋಗವನ್ನು ವರ್ಣಿಸುವಾಗಲೆಲ್ಲ ರಾಟೆ ಸೊಟ್ಟಗಾದುದನ್ನೂ ಸೇರಿಸಿಯೇ ವರ್ಣಿಸಿದನು. ನನಗೆ ಅವನ ಮೇಲೆ ಗೌರವ ಹೆಚ್ಚಿದುದು ಇಲ್ಲಿ. ಆದರೆ ತಗಡಿನ ರಾಟೆಯಿಂದ ಅವನಿಗೆ ನಷ್ಟವೂ ಆಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಾಗರಗಳ ಸಂಶೋಧನೆಗೆಂದು ಹೊರಟ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಅವನ ಯಂತ್ರವನ್ನು ಒಯ್ದಿತ್ತು. ಮೊದಲ ಪರೀಕ್ಷೆಯಲ್ಲಿಯೇ ರಾಟೆ ಕುಸಿಯಿತು. ಅಧಿಕಾರಿಗಳು ಅದನ್ನು ಬದಿಗಿಟ್ಟು ಹಗ್ಗಕ್ಕೇ ಮರಳಿದರು. ಆ ಪ್ರಸಿದ್ಧ ಯಾತ್ರೆಯ ಆಳಗಳೆಲ್ಲ ಹಗ್ಗದಿಂದ ಅಳೆದವು. ಥಾಮ್ಸನ್ನನು ತಂತಿಯ ಬಿಗಿತವನ್ನು ಮೊದಲು ಬೇರೊಂದು ಗಾಲಿಯ ಮೇಲೆ ಇಳಿಸಿ, ಸಡಿಲವಾದ ಮೇಲೆ ರಾಟೆಗೆ ಸುತ್ತುವಂತೆ ತಿದ್ದಿದನು. ತುಕ್ಕು ಹಿಡಿಯದಂತೆ ತಂತಿಯನ್ನು ಸುಣ್ಣದ ನೀರಿನಲ್ಲಿ ಅದ್ದಿಡುವ ಕ್ರಮವನ್ನೂ ತಂದನು. ಬ್ರಿಟಿಷ್ ನೌಕಾಪಡೆ ಅನುಮಾನಿಸುತ್ತಿದ್ದಾಗ ಅಮೆರಿಕದವರು ಇದನ್ನು ಕೈಗೆತ್ತಿಕೊಂಡರು. 1873–74ರಲ್ಲಿ ಬೆಲ್‌ನ್ಯಾಪ್ ಎಂಬ ಅಧಿಕಾರಿ ಟಸ್ಕರೋರಾ ಹಡಗಿನಿಂದ ಪೆಸಿಫಿಕ್ ಸಾಗರವನ್ನು ತಂತಿಯಿಂದ ಅಳೆಯುತ್ತ ಹೋಗಿ, ಜಪಾನಿನ ಈಶಾನ್ಯಕ್ಕೆ 4655 ಮಾರು ಆಳವನ್ನು ಕಂಡನು. ಹುಟ್ಟಿದ ನಾಡಿನಲ್ಲಿ ಸಂದೇಹ, ಪರನಾಡಿನಲ್ಲಿ ಸ್ವಾಗತ. ಇದು ನಮ್ಮವರಿಗೂ ಹೊಸದಲ್ಲ.

ಇಷ್ಟು ದೊಡ್ಡ ಆಳ ವಿದ್ವಾಂಸರಿಗೂ ಕೇಬಲು ಕಂಪನಿಗಳಿಗೂ ಬೇಕಾದುದು. ಸಾಮಾನ್ಯ ಹಡಗಿನ ಪ್ರಾಣ ನಿಂತಿರುವುದು ನೂರು ಮಾರಿನ ಒಳಗೆ. ನೆಲ ಸಮೀಪಿಸುತ್ತಿದೆ, ಮಂಜು ಕವಿದಿದೆ, ದೀಪಸ್ತಂಭ ಕಾಣದು. ಆಗ ಹಡಗು ಎಲ್ಲಿದೆಯೆಂದು ಹೇಳಬಲ್ಲುದು ಕೆಳಗಿನ ನೆಲವೊಂದೇ. 1873ರ ಏಪ್ರಿಲ್ 1ರ ನಸುಕಿನಲ್ಲಿ ಅಟ್ಲಾಂಟಿಕ್ ಎಂಬ ಪ್ರಯಾಣಿಕರ ಹಡಗು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಸಮೀಪ ಬಂಡೆಗೆ ಬಡಿದು ಐದು ನೂರಕ್ಕೂ ಹೆಚ್ಚು ಜನ ಸತ್ತರು. ತಾವು ಇರುವ ಜಾಗ ಬೇರೆಯೆಂದು ಹಡಗಿನವರು ತಿಳಿದಿದ್ದರು. ದಡವನ್ನು ಸಮೀಪಿಸುವಾಗ ಆಳ ನೋಡಲಿಲ್ಲವೆಂದು ವಿಚಾರಣೆಯಲ್ಲಿ ಕಪ್ತಾನನ ಮೇಲೆ ದೋಷ ಬಂದಿತು. ಆ ಹಡಗಿನಲ್ಲಿ ಹಗ್ಗವಿರಲಿಲ್ಲವೇ? ಇತ್ತು. ಎಲ್ಲ ಹಡಗುಗಳಲ್ಲಿಯೂ ಇರುತ್ತಿತ್ತು. ಅದನ್ನು ಇಳಿಸಬೇಕಾದರೆ ಓಡುವ ಹಡಗನ್ನು ನಿಲ್ಲಿಸಬೇಕಾಗಿತ್ತು. ನಿಲ್ಲಿಸಲು ಯಾವ ಕಪ್ತಾನನಿಗೂ ಮನಸ್ಸಾಗುತ್ತಿರಲಿಲ್ಲ. ಹಳೆಯ ಸಲಕರಣೆಯ ನಿಜವಾದ ಕೊರತೆ ಇದು. ಅದು ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದನ್ನು ಕೇಳುವುದೇ ಅಷ್ಟು ದೊಡ್ಡ ತಾಪತ್ರಯವಾಗಿದ್ದುದರಿಂದ ಜನ ಕೇಳದೆಯೇ ಮುಂದೆ ಹೋಗುತ್ತಿದ್ದರು. ಥಾಮ್ಸನ್ನನು ಕೊಠಡಿಯಲ್ಲಿ ಕುಳಿತ ಪ್ರಾಧ್ಯಾಪಕನಾಗಿಯೇ ಉಳಿದಿದ್ದರೆ ನಿಖರತೆಯನ್ನು ಹೆಚ್ಚಿಸುವುದರಲ್ಲಿ ತೃಪ್ತನಾಗುತ್ತಿದ್ದನೇನೋ. ಸ್ವಂತ ಹಡಗಿನ ಮೇಲೆ ರಾತ್ರಿಗಳನ್ನು ಕಳೆದವನಾದುದರಿಂದ, ಹಡಗು ಓಡುತ್ತಿರುವಾಗಲೇ ಆಳ ತಿಳಿಯುವಂತಾಗಬೇಕೆಂದು ಅವನು ಹಟ ಹಿಡಿದನು.

ಓಡುವ ಹಡಗಿನಿಂದ ತಂತಿ ಬಿಟ್ಟರೆ ಅದು ಹಿಂದಕ್ಕೆ ಓರೆಯಾಗಿ ಹೋಗುವುದು. ಹೊರಹೋದ ತಂತಿಯ ಉದ್ದ ಆಳಕ್ಕಿಂತ ಬಹಳ ಹೆಚ್ಚಾಗುವುದು. ಆದುದರಿಂದ ಉದ್ದದ ಲೆಕ್ಕವನ್ನೇ ಬಿಟ್ಟು, ನೀರಿನ ಒತ್ತಡವನ್ನು ಸಾಕ್ಷಿಗೆ ಕರೆದನು. ಎರಡು ಅಡಿ ಉದ್ದದ ತೆಳುವಾದ ಗಾಜಿನ ಕೊಳವೆ; ಮೇಲ್ತುದಿ ಮುಚ್ಚಿದೆ, ಕೆಳತುದಿ ತೆರೆದಿದೆ. ಒಳಮೈಗೆ ಬೆಳ್ಳಿಯ ಕ್ರೋಮೇಟಿನ ಕೆಂಪುಲೇಪ. ಇದನ್ನು ತೂತುಗಳಿರುವ ಹಿತ್ತಾಳೆಯ ಕೋಶದಲ್ಲಿಟ್ಟು ಗುಂಡಿನ ಮೇಲುಗಡೆ ಕಟ್ಟಿ ಇಳಿಸುವರು. ಕೆಳಗೆ ಹೋದಂತೆ ನೀರು ಕೊಳವೆಯೊಳಗಿನ ಗಾಳಿಯನ್ನು ಅದುಮುತ್ತ ಮೇಲೇರುವುದು. ಸುಮಾರು 33 ಅಡಿ ಆಳದಲ್ಲಿ ಗಾಳಿ ಅರ್ಧಕ್ಕೆ ಕುಗ್ಗುವುದು. ನೂರು ಮಾರಿನಲ್ಲಿ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ. ಉಪ್ಪುನೀರು ತಾಗಿದಷ್ಟು ದೂರ ಕೆಂಪುಲೇಪವು ಬೆಳ್ಳಿಯ ಕ್ಲೋರೈಡಾಗಿ ಬೆಳ್ಳಗಾಗುವುದು. ಮೇಲೆ ತೆಗೆದಾಗ ನೀರು ಇಳಿದುಹೋದರೂ ಬಣ್ಣದ ಗೆರೆ ಅಲ್ಲಿಯೇ ಉಳಿದಿರುವುದು. ಮರದ ಅಳತೆಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಆಳದ ಅಂಕಿ ಎದುರಿಗೇ ಇದೆ. ತಂತಿ ಎಷ್ಟು ಓರೆಯಾಗಿ ಹೋಗಿದ್ದರೂ ಚಿಂತೆಯಿಲ್ಲ. ವಿಜ್ಞಾನದ ಗೆಳೆಯರು ಬಾಯ್ಲನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವುದನ್ನು ಕೇಳಿದ್ದೇನೆ. ಅದು ಹೀಗೆ ಮಂಜಿನ ರಾತ್ರಿಯಲ್ಲಿ ಹಡಗನ್ನು ಕಾಯಬಲ್ಲುದೆಂದು ತಿಳಿದುದು ಇದನ್ನು ಓದಿದ ಮೇಲೆಯೇ.

1876ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಗ್ಲಾಸ್ಗೋದ ಉಪಕರಣ ತಯಾರಕ ಜೇಮ್ಸ್ ವೈಟನ ಕಾರ್ಖಾನೆಯಲ್ಲಿ ಅದು ಸಿದ್ಧವಾಗುತ್ತಿತ್ತು. ಒಂದಿಬ್ಬರು ಆಳುಗಳು, ಕೆಲವೇ ನಿಮಿಷಗಳು. ಹಡಗನ್ನು ನಿಲ್ಲಿಸದೆ ನೂರು ಮಾರಿನವರೆಗೆ ಆಳ ನೋಡಬಹುದಾಯಿತು. ಕಾಲು ಗಂಟೆಗೊಮ್ಮೆ ಬೇಕಾದರೂ ನೋಡಬಹುದು. ಹೀಗೆ ಸಾಲಾಗಿ ದೊರೆತ ಅಂಕಿಗಳನ್ನು ನಕ್ಷೆಯ ಆಳಗಳೊಡನೆ ಹೋಲಿಸಿದರೆ ಹಡಗು ಬಂದ ದಾರಿಯೇ ಗೋಚರಿಸುವುದು. ಮದೀರಾ ದ್ವೀಪದಿಂದ ಮರಳುವ ಒಂದು ಯಾನದಲ್ಲಿ, ಬಿರುಸಾದ ಹವೆಯಲ್ಲಿ ದಡ ಕಾಣದಿದ್ದಾಗ, ಥಾಮ್ಸನ್ನನು ಲಾಲಾ ರೂಖನ್ನು ಇಂಗ್ಲಿಷ್ ಕಡಲ್ಗಾಲುವೆಯೊಳಕ್ಕೆ ತಂದುದು ಈ ಅಂಕಿಗಳ ಆಧಾರದಿಂದಲೇ.

ಮದೀರಾ ಎಂದೊಡನೆ ಇನ್ನೊಂದು ಕಥೆ ನೆನಪಾಗುತ್ತದೆ. 1873ರಲ್ಲಿ ಬ್ರೆಜಿಲಿಗೆ ಕೇಬಲು ಹಾಸಲು ಹೋಗುತ್ತಿದ್ದ ಹೂಪರ್ ಹಡಗು ಕೇಬಲಿನ ದೋಷದಿಂದಾಗಿ ಆ ದ್ವೀಪದಲ್ಲಿ ಹದಿನಾರು ದಿನ ನಿಲ್ಲಬೇಕಾಯಿತು. ಹಡಗಿನಲ್ಲಿದ್ದ ಥಾಮ್ಸನ್ನನಿಗೆ ಅಲ್ಲಿನ ಬ್ಲ್ಯಾಂಡಿ ಕುಟುಂಬದ ಪರಿಚಯವಾಗಿ, ಮನೆಯ ಹೆಣ್ಣುಮಕ್ಕಳಿಗೆ ದೀಪದ ಸಂಕೇತಗಳಿಂದ ಮಾತನಾಡುವುದನ್ನು ಕಲಿಸಿದನು. ಮರುವರ್ಷ ಲಾಲಾ ರೂಖಿನಲ್ಲಿ ಮತ್ತೆ ಬಂದಾಗ ಫ್ರಾನ್ಸಿಸಳಿಗೆ ಮದುವೆಯ ಪ್ರಶ್ನೆಯನ್ನು ಹಡಗಿನಿಂದ ಸಂಕೇತದಲ್ಲಿಯೇ ಕೇಳಿದನೆಂದೂ ಒಪ್ಪಿಗೆಯೂ ಸಂಕೇತದಲ್ಲಿಯೇ ಬಂದಿತೆಂದೂ ಪ್ರತೀತಿ. ಪ್ರತೀತಿಯ ಮಾತು ಹೇಗೇ ಇರಲಿ, 1874ರ ಜೂನ್ 24ರಂದು ಮದುವೆ ನಡೆದುದು ನಿಜ.

ಹಡಗಿನ ದಿಕ್ಸೂಚಿಯನ್ನೂ ಅವನು ಬಿಡಲಿಲ್ಲ. ಸ್ನೇಹಿತನ ಪತ್ರಿಕೆಯೊಂದಕ್ಕೆ ದಿಕ್ಸೂಚಿಯ ಮೇಲೆ ಲೇಖನ ಬರೆಯಲು ಒಪ್ಪಿಕೊಂಡು, ಮೊದಲ ಭಾಗ ಬರೆಯುವಾಗಲೇ ಇರುವ ದಿಕ್ಸೂಚಿ ಸರಿಯಿಲ್ಲವೆಂದು ಕಂಡು, ಅದನ್ನೇ ಹೊಸದಾಗಿ ರಚಿಸಲು ತೊಡಗಿದನು. ಎರಡನೆಯ ಭಾಗ ಅಚ್ಚಾದುದು ಐದು ವರ್ಷಗಳ ಮೇಲೆ! ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕರು ಅಷ್ಟು ಕಾಯಲಾರರು. ಬ್ರಿಟಿಷ್ ನೌಕಾಪಡೆ ಆ ದಿಕ್ಸೂಚಿಯನ್ನು 1889ರಲ್ಲಿ ಒಪ್ಪಿಕೊಂಡಿತು.

ಎಲ್ಲ ವಿಷಯದಲ್ಲಿಯೂ ಅವನ ಮಾತು ಗೆಲ್ಲಲಿಲ್ಲ. ಭೂಮಿಯ ವಯಸ್ಸು ಎರಡರಿಂದ ನಾಲ್ಕು ಕೋಟಿ ವರ್ಷ ಮಾತ್ರವೆಂದು 1897ರಲ್ಲಿ ಹೇಳಿದನು. ಭೂಗರ್ಭಶಾಸ್ತ್ರಜ್ಞರು ಒಪ್ಪಲಿಲ್ಲ, ಅವನೂ ಬಗ್ಗಲಿಲ್ಲ. ಈಗ ಗೊತ್ತಾಗಿರುವ ವಯಸ್ಸು ಸುಮಾರು 454 ಕೋಟಿ ವರ್ಷ. ಕಡಲಿನ ತಳಕ್ಕೆ ಗುಂಡು ಇಳಿಸಿ ನೋಡಿದಂತೆ ಭೂಮಿಯ ಒಡಲನ್ನು ಇಳಿದು ನೋಡುವ ಅನುಕೂಲ ಅವನಿಗಿರಲಿಲ್ಲ.

1892ರಲ್ಲಿ ಅವನು ಲಾರ್ಡ್ ಆದನು. ವಿಶ್ವವಿದ್ಯಾನಿಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ಎಂಬ ಚಿಕ್ಕ ಹೊಳೆಯ ಹೆಸರನ್ನು ತನ್ನ ಹೆಸರಾಗಿ ತೆಗೆದುಕೊಂಡನು. 1899ರಲ್ಲಿ ಪೀಠವನ್ನು ಬಿಟ್ಟ ಮೇಲೆ ಅದೇ ವಿಶ್ವವಿದ್ಯಾನಿಲಯದ ದಾಖಲೆಯಲ್ಲಿ ಸಂಶೋಧನ ವಿದ್ಯಾರ್ಥಿಯೆಂದು ಹೆಸರು ಬರೆಯಿಸಿದನು. 1907ರ ಡಿಸೆಂಬರ್ 17ರಂದು ಸ್ಕಾಟ್ಲೆಂಡಿನ ಕಡಲತೀರದಲ್ಲಿ ಲಾರ್ಗ್ಸ್ ಎಂಬ ಊರಿನ ತನ್ನ ಮನೆಯಲ್ಲಿ ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಮಠದಲ್ಲಿ ನ್ಯೂಟನ್ನನ ಸಮಾಧಿಯ ಸಮೀಪದಲ್ಲಿ ಅವನನ್ನು ಹೂಳಿದರು.

ತಂತಿಯ ಯಂತ್ರಕ್ಕೂ ಹಗ್ಗಕ್ಕೆ ಬಂದ ಗತಿಯೇ ಮುಂದೆ ಬಂದಿತು. ನೀರಿನೊಳಕ್ಕೆ ಶಬ್ದವನ್ನು ಕಳುಹಿಸಿ, ತಳಕ್ಕೆ ಬಡಿದು ಮರಳುವ ಮಾರ್ದನಿಗೆ ಹಿಡಿದ ಕಾಲವನ್ನು ಅಳೆದು ಆಳ ತಿಳಿಯುವ ಉಪಾಯವು ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ ಹೊರಟು, 1920ರ ದಶಕದಿಂದ ಹಡಗುಗಳಿಗೆ ಬಂದಿತು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದು. ಬಿಸ್ಕೇ ಕೊಲ್ಲಿಯ ಆ 2700 ಮಾರನ್ನು ಮುಟ್ಟಿ ಬರಲು ಏಳು ಸೆಕೆಂಡು ಸಾಕು. ಹೀಗಿದ್ದರೂ ಅನೇಕ ಹಡಗುಗಳು ತಂತಿಯ ಯಂತ್ರವನ್ನೂ ಗಾಜಿನ ಕೊಳವೆಗಳ ಪೆಟ್ಟಿಗೆಯನ್ನೂ ಬಹುಕಾಲ ಜೊತೆಯಲ್ಲಿ ಇಟ್ಟುಕೊಂಡಿದ್ದುವು. ಜೇಮ್ಸ್ ವೈಟನ ಕಾರ್ಖಾನೆ 1900ರಲ್ಲಿ ಕೆಲ್ವಿನ್ನನ ಹೆಸರನ್ನು ಸೇರಿಸಿಕೊಂಡಿತು. ಅದರ ಸಂತತಿಯಾದ ಕಂಪನಿಯು 1947ರಲ್ಲಿ ಹೆನ್ರಿ ಹ್ಯೂಸ್ ಎಂಬ ಮತ್ತೊಂದು ಉಪಕರಣ ಕಂಪನಿಯೊಡನೆ ಕೂಡಿತು. ಹ್ಯೂಸ್ ಕಂಪನಿ ತಯಾರಿಸುತ್ತಿದ್ದುದು ಮಾರ್ದನಿಯ ಯಂತ್ರಗಳನ್ನು. ಹಾಗಾಗಿ, ಕೆಲ್ವಿನ್ನನ ತಂತಿಯನ್ನು ಹಡಗಿನಿಂದ ಬಿಚ್ಚಿಸಿದ ಆ ಹೊಸ ಯಂತ್ರಗಳ ಮುಖದ ಮೇಲೆಯೂ ಕೆಲ್ವಿನ್ ಹ್ಯೂಸ್ ಎಂದು ಕೆತ್ತಿರುವುದನ್ನು ಕಾಣಬಹುದು.